ಹೊಳೆಯಾಚೆ ದಡದ ಕೋಟೆ

ಕಾಸರಗೋಡಿನಿಂದ ಚಂದ್ರಗಿರಿ ಮಾರ್ಗವಾಗಿ ಕಾಞಂಗಾಡಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಪೇಟೆ ಕಳೆದ ಸ್ವಲ್ಪ ಹೊತ್ತಿನಲ್ಲೇ ಸೇತುವೆ ಎದುರಾಗುತ್ತದೆ. ಕೆಳಗೆ ವಿಶಾಲವಾಗಿ ಹರಡಿಕೊಂಡ ಹೊಳೆ. ಎರಡೂ ದಡಗಳಲ್ಲಿ ತೆಂಗಿನ ತೋಟಗಳು. ಪಡುಗಡೆಗೆ ಅಳಿವೆ, ಅಳಿವೆಯಾಚೆ ಕಡಲು. ಸೇತುವೆ ದಾಟಿ ಚೆಮ್ನಾಡು ಕಳೆದು ಮೇಲ್ಪರಂಬ ತಲುಪಿದಾಗ ನಾಲ್ಕಾರು ಮಂದಿ ಇಳಿಯುತ್ತಾರೆ. ಇವರಲ್ಲಿ ಕೋಟೆ ನೋಡಲೆಂದು ಇಳಿಯುವವರು ಎಷ್ಟು ಮಂದಿ ಎಂದು ಕಂಡಕ್ಟರರನ್ನು ಕೇಳಿದರೆ ಅವರು ನಕ್ಕಾರು. ಕೋಟೆ ನೋಡುವವರು ಟಿಕೇಟು ತೆಗೆಯುವುದು ಬೇಕಲಕ್ಕೆ.

ಈ ದಾರಿಯಲ್ಲಿ ನಾನು ಎಷ್ಟು ನೂರು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಸೇತುವೆ ಇಲ್ಲದ ಕಾಲದಲ್ಲಿ ದೋಣಿಯಲ್ಲೂ ದಾಟಿದ್ದುಂಟು. ಗುಡ್ಡೆಯ ಮೇಲಿನ ಕೋಟೆ ಅಲ್ಲಿಯೇ ಇತ್ತು. ಆದರೂ ನಾನದನ್ನು ಹತ್ತಿ ನೋಡಲು ಒಬ್ಬ ಹುಡುಗನ ಪ್ರಶ್ನೆ ಬೇಕಾಯಿತು. ಆ ಪ್ರಶ್ನೆಗೆ ನಾನು ಆ ದಿನ ಉತ್ತರ ಕೊಡಲಿಲ್ಲ. ಇಷ್ಟು ತಡವಾಗಿ ಕೊಡುವ ಉತ್ತರವೇ ಈ ಲೇಖನ ಎಂದು ಓದುಗರು ತಿಳಿದುಕೊಂಡರೂ ತಪ್ಪಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತರ ದಶಕದ ಮಾತು. ನಾನಾಗ ಕನ್ನಡ ಶಾಲೆಯೊಂದರಲ್ಲಿ ಹೊಸ ಅಧ್ಯಾಪಕ. ಮಹಾಜನ ಆಯೋಗದ ವರದಿ ಬಂದು ಹೆಚ್ಚು ವರ್ಷಗಳಾಗಿರಲಿಲ್ಲ. ಮನೆ ಮನೆಗಳಲ್ಲಿ ಅದೇ ಮಾತು. ಏಳನೇ ತರಗತಿಯ ಮಕ್ಕಳೆದುರು ನಾನು ಬೋರ್ಡಿನ ಮೇಲೆ ಹೊಳೆಯ ಗೆರೆ ಎಳೆದು, "ಇದರಿಂದ ಬಡಗಿನದು ಕನ್ನಡನಾಡಿಗೆ ಸೇರಬೇಕೆಂದು ಆಯೋಗ ಹೇಳಿದೆ" ಎಂದು ವಿವರಿಸಿದೆ. ಅದೇ ಉಸಿರಿನಲ್ಲಿ, "ಇಲ್ಲಿ ಕನ್ನಡದ ಅರಸರು ಆಳಿದ್ದಕ್ಕೆ ಸಾಕ್ಷಿ ಬೇಕಾದರೆ ಚಂದ್ರಗಿರಿ ಕೋಟೆಯೇ ಇದೆ" ಎಂದೂ ಸೇರಿಸಿದೆ. ಹಿಂದಿನ ಬೆಂಚಿನಲ್ಲಿದ್ದ, ಮನೆಯಲ್ಲಿ ತುಳು ಮಾತಾಡುವ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಗಡಿ ಹೊಳೆ ಅಂತಾದರೆ ಕೋಟೆ ಆಚೆ ದಡದಲ್ಲಲ್ಲವಾ?"

ಹುಡುಗ ಹೇಳಿದ್ದು ಸರಿ. ಕೋಟೆ ಇರುವುದು ಹೊಳೆಯ ತೆಂಕು ದಡದಲ್ಲಿ. ಗಡಿ ನಾವು ಕೇಳಿದಂತೆಯೇ ಆಗಿದ್ದರೂ ಆ ಸಾಕ್ಷಿ ಗಡಿಯ ಆಚೆಗೇ ಉಳಿಯುತ್ತಿತ್ತು. ನಾನು "ಕುಳಿತುಕೋ" ಎಂದೆ. ಅವನು ಕುಳಿತ. ಮುಂದಿನ ಆದಿತ್ಯವಾರ ನಾನು ಒಬ್ಬನೇ ಹೋಗಿ ಗುಡ್ಡೆ ಹತ್ತಿದೆ.

ಮುರಕಲ್ಲಿನ ಗೋಡೆ

ಆಮೇಲೆ ಹಲವು ಬಾರಿ ಹತ್ತಿದ್ದೇನೆ. ಇತ್ತೀಚೆಗೆ ಹತ್ತಿದ್ದು ಮಗಳ ಮಗಳೊಡನೆ. ಪುಳ್ಳಿಗೆ ಹನ್ನೆರಡು ವರ್ಷ. ಇಂಗ್ಲಿಷ್ ಮಾಧ್ಯಮದ ಶಾಲೆ, ಅಲ್ಲಿ ಎರಡನೆಯ ಭಾಷೆ ಮಲಯಾಳ. ಮನೆಯಲ್ಲಿ ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ. ಓದುವುದಾದರೆ ಅಂಗಡಿಯ ಬೋರ್ಡಿನಷ್ಟು, ಅದೂ ಒತ್ತಕ್ಷರ ಬಂದಲ್ಲಿ ತಡೆದು. ನಮ್ಮ ಓದುಗರಲ್ಲಿ ಬಹಳ ಮಂದಿಯ ಮನೆಯ ಸಂಗತಿಯೂ ಇದುವೇ ಆಗಿರುವುದರಿಂದ ಹೆಚ್ಚು ವಿವರಿಸಬೇಕಾಗಿಲ್ಲ. ಅವಳಿಗೆ ಬೇಕಲ ನೋಡಬೇಕಿತ್ತು. ಬೇಕಲಕ್ಕೆ ಮೊದಲು ದಾರಿಯಲ್ಲಿ ಇನ್ನೊಂದಿದೆ ಎಂದು ಹೇಳಿ ನಾನವಳನ್ನು ಮೇಲ್ಪರಂಬದಲ್ಲಿ ಇಳಿಸಿದೆ.

ಚಹಾ ಕುಡಿಯಲು ಹೊಕ್ಕ ಅಂಗಡಿಯವರು ನಮ್ಮ ವೇಷ ನೋಡಿಯೇ, "ಕೋಟ್ಟ ಕಾಣಾನಾ ಮಾಷೇ? ಆಡ ಎಂತುಂಡ್, ಕಾಡಲ್ಲೇ!" ಎಂದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಗೋಡೆಯ ಮೇಲೆಲ್ಲ ಹುಲ್ಲು, ಬಳ್ಳಿ, ಪೊದೆ. ಮಾಘ, ಫಾಲ್ಗುಣಕ್ಕೆ ಹುಲ್ಲು ಒಣಗಿದಾಗ ಕಲ್ಲು ಹೊರಗೆ ಕಾಣುತ್ತದೆ. ನೋಡಬೇಕಾದವರು ಆ ಸಮಯದಲ್ಲಿ, ಬಿಸಿಲು ಇಳಿದ ಮೇಲೆ ಹೋಗುವುದೊಳ್ಳೆಯದು.

ಸಮುದ್ರಮಟ್ಟದಿಂದ ಸುಮಾರು 150 ಅಡಿ ಎತ್ತರದ ಗುಡ್ಡೆಯ ಮೇಲೆ ಏಳು ಎಕರೆಗೂ ಮಿಕ್ಕಿದ ಜಾಗವನ್ನು ಈ ಕೋಟೆ ಸುತ್ತುವರಿದಿದೆ. ಆಕಾರ ಚೌಕ. ಮೂಲೆಗಳಲ್ಲೂ ಗೋಡೆಯ ನಡುನಡುವೆಯೂ ಹೊರಕ್ಕೆ ಉಬ್ಬಿ ನಿಂತ ದುಂಡನೆಯ ಕೊತ್ತಲಗಳು. ಚೌಕದ ಕೋಟೆಗೆ ದುಂಡು ಕೊತ್ತಲ ಯಾಕೆ ಎಂದು ಪುಳ್ಳಿ ಕೇಳಿದಳು. ನೇರ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲೆ ನಿಂತವನಿಗೆ ಕಾಣಿಸುವುದಿಲ್ಲ. ಗೋಡೆಯಿಂದ ಹೊರಗೆ ಚಾಚಿದ ಕೊತ್ತಲದಲ್ಲಿ ನಿಂತವನಿಗೆ ಎರಡೂ ಬದಿಯ ಗೋಡೆಯ ಬುಡ ಉದ್ದಕ್ಕೂ ಕಾಣುತ್ತದೆ. ಮೂಲೆ ಚೂಪಾಗಿದ್ದರೆ ಗುಂಡಿನ ಏಟಿಗೆ ಬೇಗ ಒಡೆಯುತ್ತದೆ; ದುಂಡಗಿದ್ದರೆ ಏಟು ಜಾರುತ್ತದೆ. ಫಿರಂಗಿ ಬಂದ ಮೇಲಿನ ಕಾಲದ ಕಟ್ಟಡ ಇದು ಎಂದು ಗೋಡೆಯ ಆಕಾರವೇ ಹೇಳುತ್ತದೆ.

ಕಲ್ಲು ನಮ್ಮದೇ ಮುರಕಲ್ಲು. ನಮ್ಮ ಬಾವಿಗಳೂ ಮನೆಗಳೂ ತೋಟದ ಗೋಡೆಗಳೂ ಯಾವುದರಿಂದಲೋ ಅದುವೇ. ನೆಲದಡಿಯಲ್ಲಿರುವಾಗ ಇದು ಮೆದು. ಕತ್ತಿಯಂಥ ಹತಾರಿನಿಂದಲೂ ಕೊರೆಯಲು ಬರುತ್ತದೆ. ಹೊರಗೆ ತೆಗೆದು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಮಲಯಾಳದಲ್ಲಿ ಇದಕ್ಕೆ ವೆಟ್ಟುಕಲ್ಲು ಎನ್ನುತ್ತಾರೆ, ಎಂದರೆ ಕಡಿದು ತೆಗೆಯುವ ಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಮಲಬಾರಿನ ಅಂಗಡಿಪುರಂ ಕಡೆಯಲ್ಲಿ ಇದನ್ನು ಕಂಡು, ಇಟ್ಟಿಗೆಯಂತೆ ಕಡಿಯುವ ಕಲ್ಲಾದ್ದರಿಂದ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಇಂದು ಲೋಕದ ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇರುವುದು ಈ ಹೆಸರೇ. ಕೋಟೆಗೆ ಕಲ್ಲನ್ನು ದೂರದಿಂದ ಹೊತ್ತು ತರುವ ಪ್ರಮೇಯವೇ ಇರಲಿಲ್ಲ. ಗುಡ್ಡೆಯನ್ನೇ ಕಡಿದು ಗುಡ್ಡೆಯ ಮೇಲೆ ಪೇರಿಸಿದರಾಯಿತು.

ಪಡುಗಡೆಯ ಗೋಡೆಯ ಬಳಿ ನಿಂತರೆ ಸಿಗುವ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಏನು ಕಾಣುತ್ತದೆಂದಷ್ಟೇ ಹೇಳಬಲ್ಲೆ. ಕೊಡಗಿನ ಮಲೆಯಲ್ಲಿ ಹುಟ್ಟಿ, ಸುಳ್ಯದ ಕಡೆಯಲ್ಲಿ ಪಯಸ್ವಿನಿ ಎನಿಸಿಕೊಂಡು, ಸುಮಾರು 105 ಕಿಲೋಮೀಟರ್ ಹರಿದು ಬಂದ ಹೊಳೆ ಇಲ್ಲಿ ಕಡಲಿಗೆ ಸೇರುವ ಮೊದಲು ಕಾಸರಗೋಡು ಪೇಟೆಯನ್ನು ಬಳಸಿಕೊಳ್ಳುತ್ತದೆ. ಆಚೆ ದಡದಲ್ಲಿ ತಳಂಗರೆ, ಮಾಲಿಕ್ ದೀನಾರ್ ಮಸೀದಿಯ ಊರು. ತೆಂಗಿನ ಮಡಲುಗಳ ನಡುವೆ ಪೇಟೆಯ ಕಟ್ಟಡಗಳು. ಮಂಗಳೂರು ಕಡೆಗೆ ಹೋಗುವ ರೈಲು ಕಳನಾಡಿನ ಸುರಂಗದಿಂದ ಹೊರಟು ಬಂದು ಸೇತುವೆ ಹತ್ತುವುದನ್ನು ಇಲ್ಲಿಂದ ನೋಡಬೇಕು. ದೋಣಿಗಳು ಅಳಿವೆ ದಾಟುವುದು ಕಾಣುತ್ತದೆ. ಕಾವಲು ನಿಂತವನಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಸಿಗಲಾರದು.

ಟಿಪ್ಪುವಿನ ಕೋಟೆಯೆ?

"ಅಜ್ಜ, ಇದು ಟಿಪ್ಪುವಿನ ಕೋಟೆ ಅಲ್ಲವಾ?" ಪುಳ್ಳಿಯ ಮುಂದಿನ ಪ್ರಶ್ನೆ. ಚಹಾದಂಗಡಿಯವರೂ ಹಾಗೆಯೇ ಹೇಳಿದ್ದರು. ಬೇಕಲ, ಹೊಸದುರ್ಗ, ಆರಿಕ್ಕಾಡಿ, ಎಲ್ಲಿ ಹೋದರೂ ಊರವರ ಬಾಯಲ್ಲಿ ಕೋಟೆ ಟಿಪ್ಪುವಿನದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆ ಕಟ್ಟಿಸಿದವನ ಹೆಸರು ಮರೆತು, ಕೊನೆಗೆ ಅಲ್ಲಿ ಗಟ್ಟಿಯಾಗಿ ಬದುಕಿದವನ ಹೆಸರನ್ನು ಜನ ಹೇಳುತ್ತಾರೆ. ಆದರೆ ಕಟ್ಟಿಸಿದವರು ಕೆಳದಿಯ ನಾಯಕರು. ಚಂದ್ರಗಿರಿ ಕೋಟೆಗೆ ಶಿವಪ್ಪ ನಾಯಕನ ಹೆಸರು ಸೇರಿಕೊಂಡಿದೆ.

ಶಿವಪ್ಪ ನಾಯಕನೆಂದರೆ 'ಶಿಸ್ತಿನ ಶಿವಪ್ಪ ನಾಯಕ' ಎಂದು ನಮ್ಮ ತಲೆಮಾರಿನವರು ಶಾಲೆಯಲ್ಲಿ ಕಲಿತದ್ದು. ಶಿಸ್ತು ಎಂದರೆ ಇಲ್ಲಿ ನಡವಳಿಕೆಯ ಶಿಸ್ತಲ್ಲ. ಭೂಮಿಯ ಹುಟ್ಟುವಳಿಯನ್ನು ಅಳೆದು ನೋಡಿ ನಿಗದಿ ಮಾಡಿದ ಕಂದಾಯ. 1645ರಿಂದ 1660ರವರೆಗೆ ಅವನ ಆಳ್ವಿಕೆ. ರಾಜಧಾನಿ ಘಟ್ಟದ ಮೇಲಿನ ಬಿದನೂರು, ಇಂದಿನ ಶಿವಮೊಗ್ಗ ಜಿಲ್ಲೆಯ ನಗರ. ಅಲ್ಲಿಂದ ಇಲ್ಲಿಗೆ ಎಷ್ಟು ದೂರವೆಂಬುದನ್ನು ಭೂಪಟದಲ್ಲಿ ನೋಡಿದರೆ, ಅಷ್ಟು ದೂರದ ಮಲೆನಾಡಿನ ಅರಸನಿಗೆ ಈ ಹೊಳೆಯ ದಂಡೆಯಲ್ಲಿ ಕೋಟೆ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಏಳುತ್ತದೆ.

ಉತ್ತರ ಅಕ್ಕಿ ಮತ್ತು ಕರಿಮೆಣಸಿನಲ್ಲಿದೆ. ವಿಜಯನಗರದ ಅಧೀನದಲ್ಲಿದ್ದ ಕೆಳದಿಯವರು ಆ ಸಾಮ್ರಾಜ್ಯ ಕುಸಿದಂತೆ ಸ್ವತಂತ್ರರಾದರು. ಹಿರಿಯ ವೆಂಕಟಪ್ಪ ನಾಯಕನ ಕಾಲಕ್ಕೆ ಅವರ ಕೈ ಕರಾವಳಿಯ ಉದ್ದಕ್ಕೂ ಚಾಚಿತು. 1623ರಲ್ಲಿ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಅವನ ಆಸ್ಥಾನವನ್ನು ನೋಡಿ ಬರೆದಿಟ್ಟಿದ್ದಾನೆ; ಆತ ಬಂದದ್ದು ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ. ಪೋರ್ಚುಗೀಸರಿಗೆ ಘಟ್ಟದ ಕರಿಮೆಣಸು ಬೇಕಿತ್ತು, ಊಟಕ್ಕೆ ಕನ್ನಡ ಜಿಲ್ಲೆಯ ಅಕ್ಕಿ ಬೇಕಿತ್ತು. ಮಲಬಾರಿಗೂ ಅಕ್ಕಿ ಹೋಗುತ್ತಿದ್ದುದು ಇಲ್ಲಿಂದಲೇ. ಮುಂದೆ ತಲಶ್ಶೇರಿಯಲ್ಲಿ ಕೋಠಿ ಹಾಕಿದ ಇಂಗ್ಲಿಷರೂ ಮಂಗಳೂರಿನ ಅಕ್ಕಿಯನ್ನು ನಂಬಿಕೊಂಡೇ ಇದ್ದರು. ಈ ಸರಕೆಲ್ಲ ಹೊಳೆಯಲ್ಲಿ ಇಳಿದು, ಅಳಿವೆಯಲ್ಲಿ ಹಡಗು ಹತ್ತುವಂಥದ್ದು. ಅಳಿವೆ ಕೈಯಲ್ಲಿದ್ದವನಿಗೆ ಸುಂಕ.

ಕರಾವಳಿಯ ಹಳೆಯ ದಾರಿಯ ಗುಣವೂ ಹಾಗೆಯೇ. ಮಂಗಳೂರಿನಿಂದ ತೆಂಕಕ್ಕೆ ನಡೆದು ಬರುವವನು ಕೆಲವು ಹರದಾರಿಗೊಂದರಂತೆ ಹೊಳೆ ದಾಟಬೇಕು. ದಾಟುವಲ್ಲಿ ದೋಣಿ ಬೇಕು, ದೋಣಿಗೆ ಕಾಯಬೇಕು. ಸೈನ್ಯವಾದರೂ ಸರಿ, ಎತ್ತಿನ ಹೇರಾದರೂ ಸರಿ, ಕಡವಿನಲ್ಲಿ ನಿಲ್ಲಲೇಬೇಕು. ಆ ಕಡವಿನ ಮೇಲುಗಡೆಯ ಗುಡ್ಡೆಯಲ್ಲಿ ಕೋಟೆ ಇದ್ದರೆ ಸಾಕು. ಕುಂಬಳೆಯ ಹೊಳೆಯ ಬಳಿ ಆರಿಕ್ಕಾಡಿ ಕೋಟೆ, ಇಲ್ಲಿ ಚಂದ್ರಗಿರಿ, ಕಡಲಿಗೇ ಚಾಚಿ ನಿಂತ ಬೇಕಲ, ಆಮೇಲೆ ಹೊಸದುರ್ಗ. ಒಳನಾಡಿಗೆ ಪೊವ್ವಲಿನಲ್ಲಿ ಇನ್ನೊಂದು. ಇವನ್ನು ಬೇರೆ ಬೇರೆ ಕೋಟೆಗಳೆನ್ನುವುದಕ್ಕಿಂತ ಒಂದೇ ಸರಪಳಿಯ ಕೊಂಡಿಗಳೆಂದರೆ ಹೆಚ್ಚು ಸರಿಯಾದೀತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಚಂದ್ರಗಿರಿ ಹೊಳೆ ಹಿಂದಿನಿಂದಲೂ ತುಳುನಾಡಿಗೂ ಕೋಲತ್ತುನಾಡಿಗೂ ನಡುವಿನ ಎಲ್ಲೆ ಎನಿಸಿಕೊಂಡದ್ದು. ಉತ್ತರ ಮಲಬಾರಿನ ನಾಯರ್ ಹೆಂಗಸರು ಈ ಹೊಳೆ ದಾಟಬಾರದೆಂಬ ಕಟ್ಟಳೆ ಇತ್ತೆಂದು ಹಿರಿಯರು ಹೇಳುವುದನ್ನು ಕೇಳದವರು ಕಡಿಮೆ. ಎಲ್ಲೆಯ ಆಚೆ ದಡದಲ್ಲಿ ಬಿದನೂರಿನ ಅರಸ ಕೋಟೆ ಕಟ್ಟಿಸಿದನೆಂದರೆ, ಅದು ತನ್ನ ಮನೆಯ ಕಾವಲಿಗಲ್ಲ, ಪರರ ಅಂಗಳದಲ್ಲಿ ಕಾಲೂರುವುದಕ್ಕೆ. ಕೋಲತ್ತಿರಿಯ ಕಡೆಯವರಿಗೂ ನೀಲೇಶ್ವರದ ಅರಸರಿಗೂ ಈ ಕೋಟೆಗಳು ದಬ್ಬಾಳಿಕೆಯ ಗುರುತುಗಳಾಗಿಯೇ ಕಂಡಿರಬೇಕು. 1730ರ ದಶಕದಲ್ಲಿ ಬಿದನೂರಿನ ಸೈನ್ಯ ಕೋಲತ್ತುನಾಡಿನ ಒಳಕ್ಕೆ ನುಗ್ಗಿತು. ತಲಶ್ಶೇರಿಯ ಇಂಗ್ಲಿಷರು ಕೋಲತ್ತಿರಿಯ ಪಕ್ಷ ವಹಿಸಿದರು. ಆ ಕಾದಾಟದಲ್ಲಿ ಸುಟ್ಟ ಗದ್ದೆ ಯಾರ ಭಾಷೆಯವರದ್ದಾದರೂ ಗದ್ದೆಯೇ. ಕನ್ನಡದ ಅರಸ ಎಂಬ ಒಂದೇ ಕಾರಣಕ್ಕೆ ಅವನು ಮಾಡಿದ್ದೆಲ್ಲ ನಮಗೆ ಹಿತವಾಗಬೇಕಾಗಿಲ್ಲ. ಏಳನೇ ತರಗತಿಯಲ್ಲಿ ನಾನು ಹೇಳದೆ ಬಿಟ್ಟದ್ದು ಇದನ್ನು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿಯ ಸೆರೆಯೊಂದಿಗೆ ಕೆಳದಿಯ ಆಳ್ವಿಕೆ ಮುಗಿಯಿತು. ಅದರೊಂದಿಗೆ ಕರಾವಳಿಯ ಕೋಟೆಗಳೂ ಮೈಸೂರಿನವರ ಪಾಲಾದವು. 1792ರ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ, ಕನ್ನಡ ಜಿಲ್ಲೆಯನ್ನು ಉಳಿಸಿಕೊಂಡ. ಹಾಗಾಗಿ 1799ರವರೆಗಿನ ಏಳು ವರ್ಷ ಈ ಸೀಮೆ ಅವನ ರಾಜ್ಯದ ಕಟ್ಟಕಡೆಯ ಅಂಚು. ಇಲ್ಲಿಂದ ಸ್ವಲ್ಪ ತೆಂಕಕ್ಕೆ ಹೋದರೆ ಶತ್ರುವಿನ ನೆಲ. ಕೋಟೆಗಳಲ್ಲಿ ಕಾವಲು ಬಿಗಿಯಾಗಿದ್ದ ಕೊನೆಯ ಕಾಲ ಅದು. ಜನರ ನೆನಪಿನಲ್ಲಿ ಟಿಪ್ಪು ಉಳಿದದ್ದು ಅದರಿಂದಲೇ ಎಂದು ನನಗೆ ತೋರುತ್ತದೆ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹೊಸದಾಗಿ ಕೈಸೇರಿದ ನಾಡನ್ನು ನೋಡಿ ಬರೆಯಲು ಅದೇ ಬುಕಾನನನನ್ನು ಕಳುಹಿಸಿದರು. ಮಲಬಾರಿನ ಕಡೆಯಿಂದ ಬಡಗಕ್ಕೆ ಬರುತ್ತ 1801ರ ಆರಂಭದಲ್ಲಿ ಆತ ಈ ದಾರಿಯಾಗಿ ಹಾದುಹೋದ. ಹೊಳೆಯ ತೆಂಕು ದಡದ ಎತ್ತರದಲ್ಲಿರುವ ದೊಡ್ಡ ಚೌಕದ ಕೋಟೆ ಎಂದು ಚಂದ್ರಗಿರಿಯ ಬಗ್ಗೆ ಬರೆದು, ಕಟ್ಟಿಸಿದವನು ಇಕ್ಕೇರಿಯ ಮನೆತನದ ಶಿವಪ್ಪ ನಾಯಕ ಎಂದೂ ಹೇಳಿದ್ದಾನೆ. ಟಿಪ್ಪು ಮಡಿದು ಎರಡು ವರ್ಷ ಕೂಡ ಆಗಿರಲಿಲ್ಲ. ಆಗಿನ ಜನ ಕಟ್ಟಿಸಿದವನನ್ನು ಇನ್ನೂ ಮರೆತಿರಲಿಲ್ಲ. ಮರೆತದ್ದು ಆಮೇಲಿನ ಇನ್ನೂರು ವರ್ಷಗಳಲ್ಲಿ.

ಗೆರೆಗಳು

ಇಂಗ್ಲಿಷರ ಕಾಲದಲ್ಲಿ ಕೋಟೆಗೆ ಕೆಲಸವಿರಲಿಲ್ಲ. ಮೊದಲು ಬೇಕಲ ತಾಲೂಕು, ಆಮೇಲೆ ಅದರ ಬದಲಿಗೆ ಕಾಸರಗೋಡು ತಾಲೂಕು. ಹೊಳೆಯ ಎರಡೂ ದಡ ಒಂದೇ ತಾಲೂಕಿನಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದರಾಸು ಆಧಿಪತ್ಯದ ಅಡಿಯಲ್ಲಿ ಇದ್ದವು. ಕಚೇರಿಯ ಕಾಗದ ಮಂಗಳೂರಿಗೆ ಹೋಗುತ್ತಿತ್ತು. ದೋಣಿ ದಾಟಿದವನು ಗಡಿ ದಾಟಿದೆನೆಂದು ತಿಳಿಯಬೇಕಾಗಿರಲಿಲ್ಲ.

1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕೆಂದಿತು. 1956ರ ನವೆಂಬರ್ 1ರಂದು ಅದು ಹಾಗೆಯೇ ಆಯಿತು. ಬಳಿಕದ ಚಳವಳಿ, ಸತ್ಯಾಗ್ರಹ, ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರ ಹೋರಾಟ ನಮ್ಮ ಓದುಗರಿಗೆ ಹೊಸತಲ್ಲ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗ, ಚಂದ್ರಗಿರಿ ಮತ್ತು ಪಯಸ್ವಿನಿ ಹೊಳೆಗಳಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಕಣ್ಣೂರು ಜಿಲ್ಲೆಯ ಭಾಗವಾಗಿದ್ದ ನಾವು 1984ರ ಮೇ 24ರಂದು ಕಾಸರಗೋಡು ಜಿಲ್ಲೆಯವರಾದೆವು. ಹೊಳೆಯ ಎರಡೂ ದಡಗಳು ಇಂದಿಗೂ ಒಂದೇ ಆಡಳಿತದಲ್ಲಿ ಇವೆ.

ಹಿಂದಿನ ಬೆಂಚಿನ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಲ್ಲಿದೆ. ಅರಸ ಕಟ್ಟಿದ ಕೋಟೆ ಅರಸನ ಕೈ ಎಷ್ಟು ದೂರ ಚಾಚಿತ್ತು ಎಂಬುದಕ್ಕೆ ಸಾಕ್ಷಿ. ಅಲ್ಲಿಯ ಜನ ಯಾವ ಮಾತಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿಯಲ್ಲ. ಕೋಟೆಯನ್ನು ಮುಂದಿಟ್ಟು ನೆಲ ಕೇಳುವುದಾದರೆ, ಕಲ್ಲಿಕೋಟೆಯ ಆಚೆಗೂ ದಂಡೆತ್ತಿ ಹೋದ ಮೈಸೂರಿನವರ ಹೆಸರಿನಲ್ಲಿ ನಾವು ಅಲ್ಲಿಯವರೆಗೂ ಕೇಳಬೇಕಾದೀತು! ಕನ್ನಡ ಶಾಲೆಗೂ ಕನ್ನಡದಲ್ಲಿ ಅರ್ಜಿ ಬರೆಯುವುದಕ್ಕೂ ನಮಗಿರುವ ಹಕ್ಕು ಶಿವಪ್ಪ ನಾಯಕನಿಂದ ಬಂದದ್ದಲ್ಲ, ಇಲ್ಲಿ ಬದುಕುತ್ತಿರುವ ಮನೆಗಳಿಂದ ಬಂದದ್ದು.

ಆ ಮನೆಗಳಲ್ಲಿ ಕೆಲವಕ್ಕೆ ಕೋಟೆಯ ನಂಟು ಇರುವುದೂ ನಿಜವೆ. ಬಿದನೂರಿನ ಅರಸರ ಕೋಟೆಗಳಿಗೆ ಕಾವಲು ಬಂದವರ ಸಂತತಿ ತಾವೆಂದು ಹೇಳಿಕೊಳ್ಳುವ ರಾಮಕ್ಷತ್ರಿಯ ಮನೆತನಗಳು ಬೇಕಲ, ಹೊಸದುರ್ಗದ ಸುತ್ತಮುತ್ತ ಇವೆ. ಕೋಟೆಯವರು ಎಂದೇ ಹಳಬರು ಅವರನ್ನು ಕರೆಯುತ್ತಿದ್ದುದು. ಅರಸು ಹೋಯಿತು, ಸಂಬಳ ನಿಂತಿತು. ಅವರು ಮಾತ್ರ ಮನೆಮಾತು ಕನ್ನಡವನ್ನು ಬಿಡದೆ, ಮಲಯಾಳದವರ ನಡುವೆ ಮಲಯಾಳ ಮಾತಾಡಿಕೊಂಡು ಉಳಿದರು. ಬೇಕಲ ಕೋಟೆಯ ಬಾಗಿಲಲ್ಲಿ ಆಂಜನೇಯ, ಆರಿಕ್ಕಾಡಿಯಲ್ಲೂ ಆಂಜನೇಯ. ಕಾವಲುಗಾರನ ದೇವರು ಕಾವಲುಗಾರನಂತೆಯೇ ಬಾಗಿಲು ಬಿಟ್ಟು ಹೋಗಲಿಲ್ಲ. ಈ ಕೋಟೆ ಕೊತ್ತಲಗಳ ಐತಿಹ್ಯಗಳನ್ನು ಊರೂರು ಕೇಳಿ ಬರೆದಿಟ್ಟ ಬೇಕಲ ರಾಮನಾಯಕರ ಪುಸ್ತಕಗಳು ಹಿಂದೆ ಶಾಲೆಗಳ ಕಪಾಟುಗಳಲ್ಲಿದ್ದವು. ಯಾರ ಮನೆಯ ಅಟ್ಟದಲ್ಲಾದರೂ ಒಂದು ಪ್ರತಿ ಇದ್ದರೆ ಕೆಳಗಿಳಿಸಿ ಧೂಳು ಕೊಡಹಬೇಕಾದ ಕಾಲ ಇದು.

ಹೆಸರುಗಳ ಒಂದು ಚೋದ್ಯವನ್ನೂ ಹೇಳುತ್ತೇನೆ. ಕಾಞಂಗಾಡಿನ ಕೋಟೆಯನ್ನು ಕನ್ನಡದವರು ಹೊಸದುರ್ಗ ಎಂದರು, ತಾಲೂಕಿಗೆ ಆ ಹೆಸರೇ ನಿಂತಿತು. ಅದೇ ಪೇಟೆಯ ಒಂದು ಭಾಗಕ್ಕೆ ಮಲಯಾಳದಲ್ಲಿ ಪುದಿಯಕೋಟ ಎಂದು ಹೆಸರು. ಎರಡರ ಅರ್ಥವೂ ಒಂದೇ, ಹೊಸ ಕೋಟೆ. ಬಸ್ಸಿನಲ್ಲಿ ಒಬ್ಬ ಹೊಸದುರ್ಗಕ್ಕೆ ಟಿಕೇಟು ಕೇಳುತ್ತಾನೆ, ಪಕ್ಕದವ ಪುದಿಯಕೋಟಕ್ಕೆ ಕೇಳುತ್ತಾನೆ. ಇಬ್ಬರೂ ಒಂದೇ ಕಡೆ ಇಳಿಯುತ್ತಾರೆ. ಪುಳ್ಳಿಗೆ ಇದನ್ನು ಹೇಳಿದಾಗ ಅವಳು ನಕ್ಕದ್ದಲ್ಲ. "ಅಜ್ಜ, ನಮ್ಮ ಕ್ಲಾಸಿನಲ್ಲಿ ಯಾರಿಗೂ ಇದು ಗೊತ್ತಿಲ್ಲ" ಎಂದಳು. ಅವಳ ಕ್ಲಾಸಿನಲ್ಲಿ ಕನ್ನಡವೂ ಮಲಯಾಳವೂ ಬಲ್ಲವರು ಇಲ್ಲದಿಲ್ಲ. ಹೇಳುವವರಿಲ್ಲ.

ಬೇರು ಮತ್ತು ಮಳೆ

ಬೇಕಲಕ್ಕೂ ಚಂದ್ರಗಿರಿಗೂ ಹೋಲಿಕೆ ಮಾಡಿ ಕೊರಗುವುದು ನಮ್ಮಲ್ಲಿ ರೂಢಿ. ಬೇಕಲ ಸುಮಾರು 40 ಎಕರೆಯ ಕೋಟೆ. ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. 1995ರಲ್ಲಿ ಬಂದ 'ಬಾಂಬೆ' ಸಿನಿಮಾದ ಹಾಡಿನಿಂದಾಗಿ ಅದರ ಗೋಡೆಗಳನ್ನು ದೇಶವೇ ನೋಡಿತು. ಚಂದ್ರಗಿರಿ ರಾಜ್ಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇದಕ್ಕೆ ಅಂಥ ಭಾಗ್ಯ ಬರಲಿಲ್ಲ. ಬರಲಿಲ್ಲವೆಂದು ನನಗೇನೂ ದುಃಖವಿಲ್ಲ. ಜನ ಕಡಿಮೆ ಇರುವಲ್ಲಿ ಗಾಳಿ ಹೆಚ್ಚು. ನನ್ನ ಆತಂಕ ಬೇರೆ.

ಮುರಕಲ್ಲಿನ ಗೋಡೆಯನ್ನು ಕೆಡವುವುದು ಫಿರಂಗಿಯಲ್ಲ, ಹಕ್ಕಿ. ಹಕ್ಕಿ ತಿಂದು ಉಗುಳಿದ ಗೋಳಿಯ, ಅಶ್ವತ್ಥದ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯುತ್ತದೆ. ಮುರಕಲ್ಲು ತೂತು ತೂತಾಗಿರುವುದರಿಂದ ಬೇರಿಗೆ ದಾರಿ ಸುಲಭ. ಮೊದಲ ವರ್ಷ ಕೈಯಲ್ಲಿ ಕೀಳಬಹುದಾದ ಗಿಡ. ಹತ್ತು ವರ್ಷದಲ್ಲಿ ಬೇರು ಕಲ್ಲುಗಳನ್ನು ಬೇರೆ ಮಾಡಿರುತ್ತದೆ; ಆಗ ಮರ ಕಡಿದರೆ ಗೋಡೆಯೂ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಇದರ ಮೇಲೆ ನಮ್ಮ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ನೀರು ಗೋಡೆಯ ನೆತ್ತಿಯಿಂದ ಒಳಕ್ಕೆ ಇಳಿದು, ನಡುವೆ ತುಂಬಿಸಿದ ಮಣ್ಣನ್ನು ಉಬ್ಬಿಸಿ, ಹೊರಮೈಯ ಕಲ್ಲನ್ನು ತಳ್ಳುತ್ತದೆ. ಹಾಗೆ ಒಮ್ಮೆ ಜಾರಿದ ಕಡೆಯಲ್ಲಿ ಮುಂದಿನ ಮಳೆಗಾಲಕ್ಕೆ ಇನ್ನಷ್ಟು ಜಾರುತ್ತದೆ. ಬಿದ್ದ ಕಲ್ಲು ಅಲ್ಲಿಯೇ ಉಳಿದರೆ ಮತ್ತೆ ಕಟ್ಟಬಹುದು. ಹಾಳು ಕೋಟೆಯ ಕಲ್ಲು ಊರಿನ ಕಟ್ಟಡಗಳಿಗೆ ಸೇರುವುದು ಎಲ್ಲ ಊರುಗಳ ಕಥೆ. ವರ್ಷಕ್ಕೊಮ್ಮೆ ಮಳೆ ನಿಂತ ಕೂಡಲೇ ಸಣ್ಣ ಗಿಡಗಳನ್ನು ಕೀಳುವುದು, ಗೋಡೆಯ ನೆತ್ತಿಯಲ್ಲಿ ನೀರು ನಿಲ್ಲದಂತೆ ನೋಡುವುದು, ಇಷ್ಟು ತಪ್ಪದೆ ನಡೆದರೆ ಗೋಡೆ ಇನ್ನೂ ನೂರಾರು ವರ್ಷ ನಿಂತೀತು. ದೊಡ್ಡ ಯೋಜನೆಗಳಿಗಿಂತ ಈ ಸಣ್ಣ ಕೆಲಸ ಮುಖ್ಯ. ಇದು ಇಲಾಖೆಯವರೇ ಮಾಡಬೇಕಾದ ಕೆಲಸ. ಉತ್ಸಾಹದಿಂದ ಯಾರೂ ಕತ್ತಿ ಹಿಡಿದು ಹೋಗಬಾರದು. ಬೇರು ಎಳೆದರೆ ಕಲ್ಲೂ ಬಂದೀತು.

ನಮ್ಮಿಂದ ಆಗುವ ಕೆಲಸ ಬೇರೆ ಇದೆ. ನಮ್ಮ ಕನ್ನಡ ಶಾಲೆಗಳಿಂದ ಮಕ್ಕಳನ್ನು ಪ್ರವಾಸಕ್ಕೆಂದು ಮೈಸೂರು, ಬೇಲೂರು, ಹಳೇಬೀಡಿಗೆ ಕರೆದೊಯ್ಯುತ್ತಾರೆ. ಒಳ್ಳೆಯದೇ. ಪೇಟೆಯಿಂದ ನಾಲ್ಕು ಕಿಲೋಮೀಟರಿನೊಳಗೆ ಇರುವ ಕೋಟೆಗೆ ಒಂದು ಮಧ್ಯಾಹ್ನ ಸಾಕು, ಬಸ್ಸಿನ ಚಿಲ್ಲರೆ ಸಾಕು. ಮಲಯಾಳ ವಿಭಾಗದ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಕೋಲತ್ತಿರಿಯ ಕಡೆಯ ಕಥೆಯನ್ನು ಅವರ ಅಧ್ಯಾಪಕರು ಹೇಳಲಿ, ಬಿದನೂರಿನ ಕಡೆಯದನ್ನು ನಮ್ಮವರು ಹೇಳಲಿ. ಎರಡನ್ನೂ ಒಂದೇ ಕೊತ್ತಲದ ಮೇಲೆ ಕುಳಿತು ಕೇಳಿದ ಮಕ್ಕಳಿಗೆ ಹೊಳೆಯೂ ಬೇರೆಯಾಗಿ ಕಂಡೀತು.

ಆ ದಿನ ನಾವು ಬೇಕಲಕ್ಕೆ ಹೋಗಲೇ ಇಲ್ಲ. ಹೊತ್ತು ಕಳೆದುಹೋಗಿತ್ತು. ಪುಳ್ಳಿ ಕೊತ್ತಲದ ಕಟ್ಟೆಯ ಮೇಲೆ ಕುಳಿತು, ತನ್ನ ಶಾಲೆಯ ಪುಸ್ತಕದ ಹಿಂಬದಿಯಲ್ಲಿ ಕೋಟೆಯ ಚೌಕವನ್ನೂ ಹೊಳೆಯನ್ನೂ ರೈಲು ಸೇತುವೆಯನ್ನೂ ಪೆನ್ಸಿಲಿನಲ್ಲಿ ಬರೆದಳು. ಕೆಳಗೆ ಹೆಸರು ಬರೆಯಬೇಕೆಂದಳು.

"ಶಿವಪ್ಪ ಅಂತ ಬರೆಯಲು ಪ ಎಷ್ಟು ಸಲ, ಅಜ್ಜ?"

"ಒಂದು ಪ, ಅದರ ಅಡಿಗೆ ಒತ್ತು."

ಅವಳು ಬರೆದಳು. ಒತ್ತು ಸ್ವಲ್ಪ ಆಚೆಗೆ ಸರಿದಿತ್ತು. ಅಳಿಸಿ ಮತ್ತೆ ಬರೆದಳು. ಅಷ್ಟರಲ್ಲಿ ಮಂಗಳೂರಿನ ಕಡೆಯಿಂದ ಬಂದ ರೈಲು ಸೇತುವೆಗೆ ಹತ್ತಿತು. ಡಬ್ಬಿಗಳನ್ನು ಎಣಿಸತೊಡಗಿದವಳಿಗೆ ಪೆನ್ಸಿಲು ಕೆಳಗೆ ಬಿದ್ದದ್ದೇ ತಿಳಿಯಲಿಲ್ಲ. ಹುಡುಕಿದೆವು. ಕಲ್ಲಿನ ಸಂದಿಯಲ್ಲಿ ಗೋಳಿಯ ಎರಡೆಲೆಯ ಸಸಿಯೊಂದರ ಪಕ್ಕದಲ್ಲಿ ಸಿಕ್ಕಿತು. ಇಷ್ಟು ಎಳೆಯದನ್ನು ಎಳೆದರೆ ಕಲ್ಲಿಗೆ ಏನೂ ಆಗದೆಂದು ನಾನು ಬೆರಳಿನಲ್ಲಿ ಅದನ್ನು ಕಿತ್ತೆ. ಕೆಳಗಿಳಿದು ಮೇಲ್ಪರಂಬಕ್ಕೆ ಬಂದಾಗ ಆರು ಗಂಟೆಯ ಬಸ್ಸು ನಿಂತಿತ್ತು.